ಬಹರೈನಿನಿಂದ ಬಂದ ಮಗುವಿನ ಸೀಟು

“ಕಾರಿನಲ್ಲಿ ಮಗುವನ್ನು ಹೇಗೆ ಕೂರಿಸಬೇಕೆಂದು ಈ ತಾಲೂಕಿಗೇ ತೋರಿಸಿಕೊಡ್ತೇನೆ!”

ಅಂಗಳದಲ್ಲಿ ನಿಂತು ಮುಂಡಪ್ಪ ಶೆಟ್ಟರು ಘೋಷಿಸಿದರು. ಎಂಬತ್ತನಾಲ್ಕರ ಮೇ ತಿಂಗಳು. ಬಹರೈನಿನಿಂದ ರಜೆಯಲ್ಲಿ ಬಂದವರು ಚಿನ್ನ ತರಲಿಲ್ಲ, ಟೇಪ್ ರೆಕಾರ್ಡರ್ ತರಲಿಲ್ಲ. ಅಲ್ಲಿನ ಅಮೆರಿಕದ ಸಾಹೇಬರು ಕೊಟ್ಟ, ಮಗುವನ್ನು ಬಿಗಿದು ಕೂರಿಸುವ ಪ್ಲಾಸ್ಟಿಕ್ ಸೀಟನ್ನು ದೇವರ ಮೂರ್ತಿಯಂತೆ ಹೊತ್ತು ತಂದಿದ್ದರು!

ಪುಟ್ಟ ಮಗಳ ಸಮೇತ ಮೂಡುಬಿದಿರೆಯ ಮದುವೆಗೆ ಹೊರಡಲು ರಹ್ಮತನ ಬಾಡಿಗೆ ಅಂಬಾಸಿಡರ್ ಬಂತು. ಸೀಟು ಬಿಗಿಯಲು ಹೋದರೆ ಕಾರಿನಲ್ಲಿ ಬೆಲ್ಟೇ ಇಲ್ಲ!

“ಬೆಲ್ಟಾ ಶೆಟ್ರೇ? ಅದು ಬೇಕಾದರೆ ಬೆಲ್ಟಂಗಡಿಗೇ ಹೋಗ್ಬೇಕಷ್ಟೆ,” ಎಂದು ರಹ್ಮತ್ ಹಲ್ಲು ಕಿರಿದ.

ಶೆಟ್ಟರ ಮೈ ಉರಿಯಿತು. ಬಾವಿಯ ಹಗ್ಗ ಬಿಚ್ಚಿ ತಂದು ಮಗುವಿನ ಸೀಟನ್ನು ಕಾರಿನ ಹಿಂದಿನ ಸೀಟಿಗೆ ಬಿಗಿದೇ ಬಿಟ್ಟರು.

“ಕಳ್ಳನನ್ನು ಕಟ್ಟಿದ ಹಾಗೆ ಮಗುವನ್ನು ಕಟ್ಟುವುದಾ? ನನ್ನ ಮಡಿಲಿಗೆ ಏನಾಗಿದೆ?” ಅತ್ತೆ ಸೇಸಮ್ಮ ಸಿಡಿದರು.

“ಮಾಮಿ, ಸಾಹೇಬರ ಊರಲ್ಲಿ ಮಡಿಲಲ್ಲಿ ಕೂರಿಸಿದರೆ ಪೊಲೀಸರು ಬರ್ತಾರೆ! ಕಾನೂನು ಉಂಟು!”

“ಅಜ್ಜಿಯ ಮಡಿಲಿಗೆ ಪೊಲೀಸರಾ? ಆ ಊರಿಗಿಷ್ಟು ಬೆಂಕಿ ಬೀಳ!”

ಸೀಟು ಒಬ್ಬರ ಜಾಗ ನುಂಗಿತು. ಹೆಂಡತಿ ರಾಜೀವಿಯ ತೊಡೆಯ ಮೇಲೆ ಅವಳ ದಢೂತಿ ಚಿಕ್ಕಮ್ಮ ಕೂರಬೇಕಾಯಿತು.

“ಮಗುವಿಗೆ ಸಿಂಹಾಸನ, ನನಗೆ ಚಿಕ್ಕಮ್ಮ! ಇದು ಯಾವ ಕಾನೂನು ಮಾರಾಯ್ರೆ?”

ಕಾರು ಹೊರಟದ್ದೇ ಶೆಟ್ಟರು ಮುಂದಿನ ಸೀಟಿನಲ್ಲಿ ಮಂಡಿಯೂರಿ, ಹಿಂದಕ್ಕೆ ತಿರುಗಿ ಭಾಷಣ ಶುರುಮಾಡಿದರು. ಹೇಳುವುದು ಸತ್ಯ, ಕೇಳುವವರು ಒಬ್ಬರಿಲ್ಲ!

“ಬ್ರೇಕ್ ಹಾಕಿದರೆ ಮಡಿಲಿನ ಮಗು ಚೆಂಡಿನ ಹಾಗೆ ಹಾರ್ತದೆ! ನಿಮಗೆ ಯಾರಿಗಾದರೂ ಜೀವದ ಮೇಲೆ ಆಸೆ ಉಂಟಾ? ಸ್ವಲ್ಪವಾದರೂ—”

ಸಿದ್ದಕಟ್ಟೆಯ ತಿರುವಿನಲ್ಲಿ ಎದುರಿನಿಂದ ಬಸ್ಸು ನುಗ್ಗಿತು. ರಹ್ಮತ್ ಬ್ರೇಕ್ ಮೆಟ್ಟಿದ.

ಚಿಕ್ಕಮ್ಮನೂ ರಾಜೀವಿಯೂ ಒಟ್ಟಿಗೆ ಮುಂದಕ್ಕೆ ಮುಗ್ಗರಿಸಿದರು. ಸೇಸಮ್ಮನ ಕನ್ನಡಕ ಎಲ್ಲಿಗೋ ಹಾರಿತು. ಮಗು ಮಾತ್ರ ಅಲುಗಲಿಲ್ಲ. ‘ಇನ್ನೊಮ್ಮೆ’ ಎಂಬಂತೆ ಕೈ ತಟ್ಟಿ ನಕ್ಕಿತು!

“ನೋಡಿದಿರಾ!” ಎಂಬ ಕೂಗು ಕೇಳಿಸಿತು. ಶೆಟ್ಟರು ಕಾಣಿಸಲಿಲ್ಲ. ಅವರು ಡ್ಯಾಶ್‌ಬೋರ್ಡಿನ ಕೆಳಗೆ ಮಡಚಿ ಬಿದ್ದಿದ್ದರು, ಕಾಲೆರಡೂ ಮೇಲೆ. ಹಿಂದಲೆ ನಿಂಬೆಹಣ್ಣಿನಷ್ಟು ಊದಿತ್ತು.

ರಹ್ಮತ್ ಎಳೆದು ಕೂರಿಸಿದ. ಸೇಸಮ್ಮ ಮೊಮ್ಮಗಳ ಮೈ ಸವರಿದರು, ಮತ್ತೆ ಆ ಸೀಟನ್ನೂ ಸವರಿದರು.

“ನೀವು ಹೇಳಿದ್ದೇ ಸರಿ,” ಎಂದರು ಮೆಲ್ಲಗೆ.

ಅಷ್ಟು ನೋವಿನಲ್ಲೂ ಶೆಟ್ಟರ ಎದೆ ಉಬ್ಬಿತು. ಕೊನೆಗೂ!

ಅಳಿಯನ ತಲೆಗೆ ಒದ್ದೆ ಬಟ್ಟೆ ಒತ್ತುತ್ತಾ ಸೇಸಮ್ಮ ನಿಜವಾದ ಮರುಕದಿಂದ ಕೇಳಿದರು:

“ನಿಮ್ಮ ಅಳತೆಯದ್ದು ಸಾಹೇಬರಲ್ಲಿ ಇರಲಿಲ್ಲವಾ?”