ಆಟ ಆಡಸೂ ಮಾಸ್ತರಗ ಹೆಣ್ಣ ಯಾರ ಕೊಡ್ತಾರ?

ನಗೆಪಾಟಲಾಗುವ ಪ್ರಸಂಗ ಬೇರೆ ಮಾಸ್ತರುಗಳಿಗೆ ಎಂದೋ ಒಮ್ಮೆ ಒದಗಿ ಬರುತ್ತದೆ. ನಾನು ಬೈಕಿಗೆ ಪ್ರೊಜೆಕ್ಟರ್ ಕಟ್ಟಿಕೊಂಡು ಹೊರಟರೆ ಸಾಕು, ಅದು ಮುಂದಿನ ಊರಿನ ಅಗಸಿ ಬಾಗಿಲಲ್ಲಿ ನನ್ನ ಹಾದಿ ಕಾಯುತ್ತ ಕೂತಿರುತ್ತದೆ.

ನನ್ನ ಬಗ್ಗೆ ನಾನೇ ಹೇಳಿಬಿಡುತ್ತೇನೆ. ಬೇರೆಯವರಿಗೆ ಬಿಟ್ಟರೆ ಕಡಿಮೆ ಹೇಳುತ್ತಾರೆ. ಮುಧೋಳ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಮಾಸ್ತರ ನಾನು. ಹುಟ್ಟಿದ್ದು ಕುರಿ ಕಾಯುವ ಮನೆತನದಲ್ಲಿ. ಟೀವಿಯಲ್ಲಿ ಬರುವಂಥ ಪ್ರಶ್ನೋತ್ತರದ ಆಟವನ್ನು ಯಾರ ಸಹಾಯವೂ ಇಲ್ಲದೆ ಸ್ಲೈಡಿನಲ್ಲಿ ಮಾಡಿದವನು. ಗೋಡೆಯ ಮೇಲೆ ಪ್ರಶ್ನೆ ಮೂಡುತ್ತದೆ, ಕೆಳಗೆ ಎ, ಬಿ, ಸಿ, ಡಿ ಎಂದು ನಾಲ್ಕು ಉತ್ತರ. ಸರಿ ಹೇಳಿದರೆ ಚಪ್ಪಾಳೆ. ತಪ್ಪಿದರೆ ನಮ್ಮ ಹಟ್ಟಿಯ ಟಗರು ‘ಬ್ಯಾ’ ಅನ್ನುತ್ತದೆ. ಆ ದನಿಯನ್ನು ನಾನೇ ಮೊಬೈಲಿನಲ್ಲಿ ಹಿಡಿದದ್ದು. ಇಂಥ ಆಟ ಮುಧೋಳದಿಂದ ಬೀಳಗಿಯವರೆಗೆ ಇನ್ನೊಬ್ಬ ಆಡಿಸಿದ್ದರೆ ಬಂದು ನನ್ನೆದುರು ನಿಲ್ಲಲಿ.

ನಾನು ಸೋತದ್ದು ಒಂದೇ ಕಡೆ. ಜಮಖಂಡಿಯ ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುತ್ತಿದ್ದ ಒಬ್ಬ ಹುಡುಗಿ ನನ್ನ ಪೆನ್ ಡ್ರೈವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದನ್ನ ಎಲ್ಲಾ ಊರಾಗ ತಿರುಗಸ್ಯಾಡಿ ಬಂದೀರಿ ಕಾಣತೈತಿ. ವೈರಸ್ ತುಂಬಿ ತುಳಕಾಕತ್ತಾವು. ನಮ್ಮ ಮಷೀನಿಗೆ ಹಚ್ಚಬ್ಯಾಡ್ರಿ,” ಅಂದಳು. ಅಷ್ಟು ಖಡಕ್ಕಾಗಿ ನನ್ನನ್ನು ಯಾರೂ ಬೈದಿರಲಿಲ್ಲ. ಮಾಡಿಕೊಂಡರೆ ಈಕೆಯನ್ನೇ ಎಂದು ನಿಶ್ಚಯಿಸಿದೆ. ಪುಣ್ಯಕ್ಕೆ ನಮ್ಮವರೇ ಆಗಿದ್ದರು. ಮುಧೋಳ–ಜಮಖಂಡಿ ಬಸ್ಸಿನ ಕಂಡಕ್ಟರಾದ ನಮ್ಮ ಸೋದರಮಾವ ನಡುವೆ ನಿಂತು ಮಾತು ತೆಗೆದ.

ಹುಡುಗಿಯ ಅಪ್ಪ ಕೋರ್ಟಿನಲ್ಲಿ ಬೇಲಿಫ್. ನೋಟಿಸು ಹಿಡಿದು ಮನೆಮನೆಯ ಬಾಗಿಲು ಬಡಿಯುವ ಕೆಲಸ. ಯಾರನ್ನೂ ಸುಮ್ಮನೆ ನಂಬುವ ಮನುಷ್ಯ ಅಲ್ಲ.

೧. ಸಾಲಿನೋ ಹಟ್ಟಿನೋ

ಹುಡುಗನನ್ನು ನೋಡಲು ಮುಂಚೆ ಹೇಳಿ ಬಂದರೆ ಹುಡುಗ ತಲೆ ಬಾಚಿಕೊಂಡು ಕೂತಿರುತ್ತಾನೆ ಎಂಬುದು ಬೇಲಿಫರ ಲೆಕ್ಕ. ಒಂದು ಮಧ್ಯಾಹ್ನ ಹೇಳದೆ ಕೇಳದೆ ನಮ್ಮ ಶಾಲೆಗೇ ಬಂದರು. ನಾನು ಆಗ ಒಂಬತ್ತನೇ ತರಗತಿಗೆ ವಿಜ್ಞಾನದ ಆಟ ಆಡಿಸುತ್ತಿದ್ದೆ. ಗೋಡೆ ಚಲೋ ಕಾಣಲೆಂದು ಕಿಟಕಿಗಳಿಗೆಲ್ಲ ಮನೆಯ ಕಂಬಳಿ ಕಟ್ಟಿದ್ದೆ. ಒಳಗೆ ಕತ್ತಲು.

ಬೇಲಿಫರು ಹೊರಗೆ ನಿಂತು ಕೇಳಿದ್ದು ಇಷ್ಟು: “ಬಿ ಲಾಕ್ ಮಾಡ್ರಿ ಸರ್ರ!” ಎಂದು ಒಂದು ಗುಂಪು. “ಏ, ಹಾಳಾಗತೀರಿ, ಸಿ ಐತಿ!” ಎಂದು ಇನ್ನೊಂದು. ಆಮೇಲೆ ಟಗರು. ಅದರ ಹಿಂದೆಯೇ ಇಡೀ ತರಗತಿ ಟಗರಿನ ಜೊತೆ ದನಿಗೂಡಿಸಿ ‘ಬ್ಯಾ’.

ಅವರು ಬಾಗಿಲು ತಳ್ಳಿ ಒಳಗೆ ಇಣುಕಿದರು. ಪ್ರೊಜೆಕ್ಟರಿನ ಬೆಳಕು ನೇರ ಅವರ ಮುಖಕ್ಕೆ ಬಿತ್ತು. ಹಣೆಯ ಮೇಲೆ ‘ಕಪ್ಪೆಯ ಜೀವನಚಕ್ರ’ ಮೂಡಿತು. ಯಾವ ಅಧಿಕಾರಿ ಬಂದರೋ ಎಂದು ನಾನು ಗಾಬರಿಯಾಗಿ ಮುಂದಿನ ಸ್ಲೈಡ್ ಒತ್ತಿದೆ. ಅವರ ಅಂಗಿಯ ಮೇಲೆ ‘ಉತ್ತರ ತಪ್ಪು’ ಎಂದು ಬಂತು. ಟಗರು ಮತ್ತೆ ಒದರಿತು.

ಬೇಲಿಫರು ಹಿಂದೆಯೇ ಬಂದು ನಿಂತಿದ್ದ ಹೆಡ್‌ಮಾಸ್ತರರ ಕಡೆ ತಿರುಗಿ, “ಇದು ಸಾಲಿನೋ, ಕುರಿ ಹಟ್ಟಿನೋ?” ಎಂದು ಕೇಳಿದರು.

ನಮ್ಮ ಹೆಡ್‌ಮಾಸ್ತರರು ಸತ್ಯವಂತರು. “ಮುಂಜಾನಿ ಸಾಲಿರಿ,” ಅಂದರು.

ಸಂಜೆ ಮಾವ ಸುದ್ದಿ ತಂದ. “ಆಟ ಆಡಸೂ ಮಾಸ್ತರಗ ಹೆಣ್ಣ ಯಾರ ಕೊಡ್ತಾರ ಅಂದ್ರಪಾ. ನಾಕ ಊರಾಗ ದೊಡ್ಡ ಮಂದಿ ಅಂವ ಶ್ಯಾಣ್ಯಾ ಅದಾನ ಅಂತ ಹೇಳಲಿ, ಆಮ್ಯಾಲ ನೋಡೂಣು ಅಂದ್ರು.”

“ಇಷ್ಟ ಹೌದಿಲ್ಲೋ?” ಅಂದೆ ನಾನು. “ನಾಕ ಊರ ಯಾಕ ಮಾವಾ, ನಾಕ ತಾಲೂಕ ಹೇಳ್ತಾವು.”

ಹೀಗೆ ಭಾನುವಾರಕ್ಕೊಮ್ಮೆ ಪ್ರೊಜೆಕ್ಟರ್ ಊರು ತಿರುಗಲು ಶುರುವಾಯಿತು.

೨. ಕರೆಂಟು

ಮೊದಲು ಸಮೀರವಾಡಿ ಕಡೆಯ ಒಂದು ಹಳ್ಳಿ. ಕಬ್ಬು ಬೆಳೆಯುವವರ ತರಬೇತಿ. ಭಾಷಣ ಮಾಡಿದರೆ ನಿದ್ದೆ ಮಾಡುತ್ತಾರೆ ಎಂದು ನನ್ನನ್ನು ಕರೆಸಿದ್ದರು. ಗೊಬ್ಬರ, ಬೀಜ, ರೋಗ ಎಲ್ಲ ಸೇರಿಸಿ ಅಚ್ಚುಕಟ್ಟಾಗಿ ಪ್ರಶ್ನೆ ಕಟ್ಟಿದ್ದೆ.

“ಈಗ ನಿಮ್ಮ ಪಾಳಿರಿ,” ಎಂದು ಮೊದಲ ಗುಂಪಿನ ಹಿರಿಯರಿಗೆ ಹೇಳಿದೆ.

ಅವರು ಆರಾಮಾಗಿ ಎಲೆ ಅಡಿಕೆ ಜಗಿಯುತ್ತ, “ನನ್ನ ಪಾಳಿ ಹಿಂದಿನ ಸಾಲ್ಯಾಗ ಕುಂತಾನಲ್ಲ, ಅವಗ ಕೊಟ್ಟೇನಿ,” ಅಂದರು.

“ಹಂಗ ಕೊಡಾಕ ಬರಂಗಿಲ್ರಿ.”

“ಯಾಕ ಬರಂಗಿಲ್ಲ? ಕಾಲಿವಿ ನೀರ ಬಂದಾಗ ಅಂವ ತನ್ನ ಪಾಳಿ ನನಗ ಕೊಟ್ಟಿದ್ದ. ಮುಟ್ಟಸೂದ ಬ್ಯಾಡೇನು?”

ಅದು ಕೇಳಿದ್ದೇ ತಡ, ಮೂಲೆಯಿಂದ ಇನ್ನೊಬ್ಬ ಎದ್ದ. “ಮೊದಲ ನಂದ ಕೊಡೂದೈತಿ, ಅದನ್ನ ಹೇಳು!” ಕಬ್ಬಿನ ಪ್ರಶ್ನೆ ಗೋಡೆಯ ಮೇಲೆಯೇ ಉಳಿಯಿತು. ಕೆಳಗೆ ಹೋದ ವರ್ಷದ ಕಾಲುವೆ ಜಗಳ ಹರಿಯತೊಡಗಿತು. ಅಷ್ಟರಲ್ಲಿ ಕರೆಂಟು ಹೋಯಿತು. ಎಲ್ಲರೂ ತಣ್ಣಗಾದರು. ಒಬ್ಬರೂ ಕದಲಲಿಲ್ಲ. ಆಟದ ಮೇಲೆ ಎಷ್ಟು ಆಸೆ ಇವರಿಗೆ ಎಂದು ನನ್ನ ಎದೆ ಉಬ್ಬಿತು. ಆ ಕತ್ತಲಲ್ಲೇ ಮಾವನಿಗೆ ಫೋನು ಮಾಡಿ, “ಬೇಲಿಫರಿಗೆ ಹೇಳು, ಕರೆಂಟ ಹೋದ್ರೂ ಒಬ್ಬನೂ ಎದ್ದಿಲ್ಲ,” ಅಂದೆ.

ಸ್ವಲ್ಪ ಹೊತ್ತಿಗೆ ಪ್ರೊಜೆಕ್ಟರ್ ಮತ್ತೆ ಹೊತ್ತಿತು. ನಾನು ಬಾಯಿ ತೆರೆಯುವ ಮೊದಲೇ ಯಾರೋ, “ತ್ರೀ ಫೇಸ್ ಬಂತಲೇ!” ಎಂದು ಕೂಗಿದರು. ಇಡೀ ಸಭೆ ಚಪ್ಪಲಿ ಹುಡುಕಲೂ ನಿಲ್ಲದೆ ಓಡಿತು. ಎಲ್ಲರದೂ ಹೊಲದಲ್ಲಿ ಪಂಪ್‌ಸೆಟ್. ಜಗಳ ಆಡಿದವರಿಬ್ಬರೂ ಒಂದೇ ಬೈಕಿನಲ್ಲಿ ಹೋದರು.

ತಲೆ ನೆರೆತ ಒಬ್ಬ ಮುತ್ಯಾ ಮಾತ್ರ ಕೂತಿದ್ದ. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. “ಮುತ್ಯಾ, ನಿಮಗಾದ್ರೂ ಆಟ ಪಸಂದ ಬಂತಲ್ಲ!”

“ನಂದು ಡೀಸೆಲ್ ಇಂಜನ್ ಐತೋ ತಮ್ಮಾ,” ಅಂದ ಮುತ್ಯಾ. “ಕೇಳ, ಏನ್ ಕೇಳತೀ.”

೩. ಪಿಟ್ ಅನ್ನಬಾರದು

ಬನಹಟ್ಟಿಯಲ್ಲಿ ನೇಕಾರ ಹೆಣ್ಣುಮಕ್ಕಳ ಸಂಘ. ಎಲ್ಲರೂ ಪವರ್‌ಲೂಮಿನಲ್ಲಿ ದುಡಿಯುವವರು. ಹಿಂದಿನ ಅನುಭವದಿಂದ ಬುದ್ಧಿ ಕಲಿತು ನಾನು ಕಾಯಿದೆ ಬಿಗಿ ಮಾಡಿದ್ದೆ. ಗುಂಪುಗಳನ್ನು ಸಭಾಂಗಣದ ನಾಲ್ಕು ಮೂಲೆಗೆ ಕೂರಿಸಿ, “ಒಬ್ಬರೂ ಪಿಟ್ ಅನ್ನಬಾರದು. ವಿಚಾರ ಮಾಡ್ರಿ, ಪಾಟಿಮ್ಯಾಗ ಉತ್ತರ ಬರೀರಿ, ಎತ್ತಿ ತೋರಸ್ರಿ,” ಎಂದು ಹೇಳಿದೆ.

ಎಂಥ ಶಿಸ್ತು! ಸೂಜಿ ಬಿದ್ದರೆ ಕೇಳಬೇಕು. ಅಂಥ ಮೌನವನ್ನು ನಮ್ಮ ಹೆಡ್‌ಮಾಸ್ತರರು ಪ್ರಾರ್ಥನೆಯಲ್ಲೂ ಕಂಡಿರಲಿಕ್ಕಿಲ್ಲ. ಪ್ರತಿ ಪ್ರಶ್ನೆಗೂ ನಾಲ್ಕು ಮೂಲೆಯಿಂದ ನಾಲ್ಕು ಪಾಟಿ ಮೇಲೆ ಬಂದವು. ಎಲ್ಲದರಲ್ಲೂ ಒಂದೇ ಉತ್ತರ, ಎಲ್ಲವೂ ಸರಿ. ನನ್ನ ಕಲಿಸುವ ರೀತಿಯೇ ಹಾಗೆ ಎಂದುಕೊಂಡೆ.

ಅವರು ವಿಚಾರ ಮಾಡುವಷ್ಟರಲ್ಲಿ ನಾನು ದೂರದ ಬಾಗಿಲ ಹತ್ತಿರ ನಿಂತು ಮಾವನಿಗೆ ಫೋನು ಹಚ್ಚಿದೆ. ನನ್ನ ಕಿವಿಗೇ ಕೇಳದಷ್ಟು ಸಣ್ಣಗೆ ಮಾತಾಡಿದೆ. “ಮಾವಾ, ಆ ಹುಡುಗಿ ಇಲ್ಲಂದ್ರ ನಂಗ ಮದವಿನ ಬ್ಯಾಡ. ಬೇಕಾರ ಬೇಲಿಫರ ಕಾಲ ಹಿಡೀತೇನಿ.” ಹೆಮ್ಮೆಯ ಮನುಷ್ಯ ನಾನು. ಇಂಥ ಮಾತು ಹೊರಗೆ ಬಂದರೆ ಕೆಟ್ಟೆ ಎಂದು ಸುತ್ತ ನೋಡಿದೆ. ಯಾರಿಗೂ ಕೇಳಿಸಿರಲಿಲ್ಲ.

ಕೊನೆಯ ಪ್ರಶ್ನೆಗೂ ನಾಲ್ಕು ಪಾಟಿ ಒಂದೇ ಉತ್ತರ ತೋರಿಸಿದಾಗ ನನಗೂ ಸಂಶಯ ಬಂತು. ನೋಡಿದರೆ ಈ ಮೂಲೆಯವಳು ತುಟಿ ಆಡಿಸುತ್ತಾಳೆ, ಆ ಮೂಲೆಯವಳು ತಲೆ ಆಡಿಸುತ್ತಾಳೆ. ದನಿ ಮಾತ್ರ ಇಲ್ಲ!

“ಏನ್ರಿ ಇದು?” ಅಂದೆ.

ಸಂಘದ ಹಿರಿಯಾಕಿ ನಕ್ಕಳು. “ಮಗ್ಗದ ಸಪ್ಪಳದಾಗ ಕಿವಿ ಎಲ್ಲಿ ಕೆಲಸ ಮಾಡತಾವ್ರಿ ಸರ್ರ? ತುಟಿ ನೋಡೇ ಮಾತಾಡೂದು ನಾವು. ನೀವು ಪಿಟ್ ಅನಬ್ಯಾಡ್ರಿ ಅಂದ್ರಿ, ನಾವು ಅಂದಿಲ್ಲ.”

ಕಾಯಿದೆ ಪ್ರಕಾರ ತಪ್ಪಿಲ್ಲ. ನಾನು ತೆಪ್ಪಗೆ ವೈರು ಸುತ್ತತೊಡಗಿದೆ. ಅಷ್ಟರಲ್ಲಿ ಆಕೆ ಹತ್ತಿರ ಬಂದು ಪ್ರೀತಿಯಿಂದ ಹೇಳಿದಳು: “ತಮ್ಮಾ, ಬೇಲಿಫರ ಕಾಲ ಹಿಡೀಬ್ಯಾಡ. ಹುಡುಗಿ ಅವ್ವನ ಕಾಲ ಹಿಡಿ. ಲಗೂನ ಕೆಲಸ ಆಗತೈತಿ.”

ಹಿಂದೆ ಇಡೀ ಸಂಘ ಹೌದೌದೆಂದು ತಲೆ ಆಡಿಸಿತು.

೪. ದೇವರ ಪಾಳಿ

ಬೀಳಗಿ ತಾಲೂಕಿನಲ್ಲಿ ಒಂದು ಊರು. ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ಮನೆ, ಗುಡಿ, ಶಾಲೆ ಎಲ್ಲವನ್ನೂ ಮೇಲಕ್ಕೆ ತಂದು ಕಟ್ಟಿಕೊಂಡವರು. ಬೀರೇಶ್ವರನ ಗುಡಿಯ ಮುಂದಿನ ಮಂಟಪದಲ್ಲಿ ಆಟ ಹೂಡಿದೆ. ನಮ್ಮದೇ ದೇವರು, ನಮ್ಮದೇ ಮಂದಿ. ಬೇಲಿಫರ ಬೀಗರೂ ಅಲ್ಲೇ ಕೂತಿದ್ದರು. ಗೆದ್ದೆ ಎಂದೇ ತಿಳಿದೆ.

ಸುಲಭದ ಪ್ರಶ್ನೆಯಿಂದ ಶುರು ಮಾಡಿದೆ. ‘ನಿಮ್ಮ ಊರು ಯಾವ ನದಿಯ ದಂಡೆಯ ಮೇಲಿದೆ?’ ಎ ಕೃಷ್ಣಾ, ಬಿ ಕಾವೇರಿ, ಸಿ ತುಂಗಾ, ಡಿ ಗಂಗಾ.

ಹಿರಿಯರೊಬ್ಬರು ಎದ್ದು ರುಮಾಲು ಸರಿ ಮಾಡಿಕೊಂಡರು. “ಪ್ರಶ್ನಿ ತಪ್ಪೈತಿ.”

“ಹೆಂಗ್ರಿ?”

“ಊರು ನದಿ ದಂಡಿಮ್ಯಾಗ ಇದ್ದದ್ದು ಹಿಂದ. ಈಗ ನದೀನ ಊರ ಮ್ಯಾಗ ಐತಿ.”

ಮಂಟಪವೆಲ್ಲ ನಕ್ಕಿತು. ಎಲ್ಲರಿಗಿಂತ ಹೆಚ್ಚು ಅವರೇ ನಕ್ಕರು. ಹಿಂದಿನಿಂದ ಒಬ್ಬರು, “ಮಾಸ್ತರ, ಟಗರನ್ನ ಒದರಸ್ರಿ, ಈ ಸಲ ನಿಮ್ಮದ ತಪ್ಪು,” ಅಂದರು. ಒದರಿಸಿದೆ.

ಮುಂದಿನ ಪ್ರಶ್ನೆ ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರದ ಗ್ರಹದ್ದು. ಅವರಿಗೆ ಗೊತ್ತಾಗಲಿಲ್ಲ. ಎರಡು ತಪ್ಪು ಉತ್ತರ ಅಳಿಸಿ ಸಹಾಯ ಮಾಡಿದೆ. ಬುಧ, ಶುಕ್ರ ಉಳಿದವು. “ಇನ್ನೊಬ್ಬರನ್ನ ಕೇಳಾಕ ಬರತೈತೇನು?” ಎಂದರು. “ಒಬ್ಬರನ್ನ ಕೇಳ್ರಿ,” ಅಂದೆ.

ಎಲ್ಲರೂ ಎದ್ದು ಗುಡಿಯೊಳಗೆ ಹೋದರು! ಪೂಜಾರಿ ದೇವರ ಎರಡೂ ಭುಜಕ್ಕೆ ಹೂವು ಹಚ್ಚಿದ. “ಬಲಕ್ಕ ಬಿದ್ದರ ಬುಧ, ಎಡಕ್ಕ ಬಿದ್ದರ ಶುಕ್ರ,” ಎಂದು ಬೇಡಿಕೊಂಡ. ಪಟ್ಟನೆ ಬಲಕ್ಕೆ ಬಿತ್ತು. ಬುಧ! ಚಪ್ಪಾಳೆಯ ಜೊತೆ ಡೊಳ್ಳೂ ಬಾರಿಸಿದರು.

ನನಗೆ ಆಸೆ ಹುಟ್ಟಿತು. ಪೂಜಾರಿಯ ಕಿವಿಯಲ್ಲಿ, “ಜಮಖಂಡಿ ಬೇಲಿಫರ ಮಗಳು ನನಗ ಸಿಗತಾಳೋ ಇಲ್ಲೋ, ಅದನ್ನೂ ಒಂದ ಕೇಳ್ರಿ,” ಅಂದೆ. ಹೂವು ಹಚ್ಚಿದರು. ಕಾಯ್ದೆವು. ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಕಾಲು ನೋಯುವವರೆಗೆ ನಿಂತೆವು.

ಪೂಜಾರಿ ಬೆವರು ಒರೆಸಿಕೊಂಡು ಹೊರಗೆ ಬಂದ. “ದೇವರೂ ಬೇಲಿಫರನ್ನ ಒಂದ ಮಾತ ಕೇಳಿ ಹೇಳ್ತಾನಂತ ಕಾಣತೈತಿ.”

೫. ಲಾಕ್

ಬನಹಟ್ಟಿಯ ಹಿರಿಯಾಕಿ ಹೇಳಿದ್ದು ಖರೆ ಆಯಿತು. ನಮ್ಮವ್ವ ಜಮಖಂಡಿ ಸಂತೆಗೆ ಹೋದಾಗ ಹುಡುಗಿಯ ಅವ್ವನನ್ನು ಕಂಡು ಬಂದಳು. ಏನು ಮಾತಾಡಿದರೋ ಗೊತ್ತಿಲ್ಲ, ಮನೆಗೆ ಬರಲು ಹೇಳಿಕೆ ಬಂತು. ಅವ್ವ, ಮಾವ, ನಾನು ಹೋದೆವು. ನಾನು ಇಸ್ತ್ರಿ ಅಂಗಿ ಹಾಕಿ, ಪ್ರೊಜೆಕ್ಟರನ್ನೂ ಹೊತ್ತು ಹೋದೆ. ಬೇಲಿಫರ ಕಣ್ಣೆದುರೇ ಚೆಂದಾಗಿ ಆಡಿಸಿ ತೋರಿಸಿದರೆ ಯಾಕೆ ಒಪ್ಪುವುದಿಲ್ಲ?

ಬೇಲಿಫರು ಮೊದಲು ನಮಗೆ ಅವಲಕ್ಕಿ ಕೊಡಿಸಿದರು. ಆಮೇಲೆ, “ನಾಕ ಊರಿನ ಸುದ್ದಿ ನನಗ ಬಂದಾವು,” ಅಂದರು. “ಒಂದ ಊರಾಗ ಮಂದಿ ಓಡಿ ಹೋದ್ರಂತ, ಒಂದ ಊರಾಗ ಕಾಪಿ ಹೊಡದ್ರಂತ, ಒಂದ ಊರಾಗ ದೇವರ ಬಂದು ಉತ್ತರ ಹೇಳಿದ್ನಂತ. ನಿಮ್ಮ ಸಾಲಿದ್ದು ನಾನ ಕಣ್ಣಾರೆ ನೋಡೇನಿ. ನಾ ಇನ್ನೂ ಏನೂ ಹೇಳಿಲ್ಲ. ಆದ್ರ ನಮ್ಮ ಹುಡುಗಿ ಒಂದ ಮಾತ ಕೇಳಬೇಕಂತಾಳ.”

ಹುಡುಗಿ ಚಹಾದ ತಟ್ಟೆ ಹಿಡಿದು ಬರುತ್ತಾಳೆಂದು ನಾನು ಬಾಗಿಲು ನೋಡುತ್ತಿದ್ದೆ. ಆಕೆ ಲ್ಯಾಪ್‌ಟಾಪ್ ಹಿಡಿದು ಬಂದಳು. ನನ್ನದೇ ಪ್ರೊಜೆಕ್ಟರಿಗೆ ವೈರು ಹಚ್ಚಿದಳು. ಗೋಡೆಯ ಮೇಲೆ ಸ್ಲೈಡು ಬಂತು. ಒಪ್ಪಿಕೊಳ್ಳಬೇಕು, ಅಕ್ಷರ ನನ್ನದಕ್ಕಿಂತ ಚೆಂದ ಇದ್ದವು.

‘ಮದುವೆಯಾದ ಮೇಲೆ ದಿನಾ ಮುಂಜಾನೆ ಎದ್ದು ಚಹಾ ಮಾಡುವವರು ಯಾರು?
ಎ) ನೀವು
ಬಿ) ನಮ್ಮ ಯಜಮಾನರು
ಸಿ) ನಮ್ಮ ಅತ್ತೆಯ ಮಗ
ಡಿ) ಮೇಲಿನ ಎಲ್ಲರೂ’

ನಾಲ್ಕು ತಾಲೂಕಿಗೆ ಪ್ರಶ್ನೆ ಕೇಳಿದ ನಾನು ಒಂದೊಂದೇ ಉತ್ತರ ಓದತೊಡಗಿದೆ. ಎ ನೋಡಿದೆ, ನಾನು. ಬಿ ನೋಡಿದೆ, ನಾನು. ಸಿ ನೋಡಿ ಸ್ವಲ್ಪ ಹೊತ್ತು ವಿಚಾರ ಮಾಡಿದೆ. ಅದೂ ನಾನೇ.

“ಎರಡ ತಪ್ಪು ಉತ್ತರ ಅಳಸ್ರಿ,” ಅಂದೆ.

“ತಪ್ಪು ಉತ್ತರ ಇದ್ರ ಅಳಸಬೇಕಲ್ರಿ,” ಅಂದಳು ಹುಡುಗಿ. “ಬೇಕಾರ ಒಬ್ಬರನ್ನ ಕೇಳ್ರಿ.”

ಮಾವನ ಕಡೆ ನೋಡಿದೆ. ಆತ ಬಸ್ಸಿನ ಟಿಕೀಟು ಹುಡುಕುವವನ ಹಾಗೆ ಕಿಸೆ ತಡವರಿಸುತ್ತಿದ್ದ. ಉಳಿದದ್ದು ಅವ್ವ. ಹಡೆದಾಕಿ, ಮಗನ ಮಾನ ಉಳಿಸುತ್ತಾಳೆ ಎಂದು ಆಕೆಯ ಕಡೆ ತಿರುಗಿದೆ. “ಅವ್ವಾ, ನೀನ ಹೇಳು.”

ಅವ್ವನಿಗೆ ಓದಲು ಬಾರದು. “ಏನ್ ಬರದೈತೆವ್ವಾ?” ಎಂದು ಹುಡುಗಿಯನ್ನೇ ಕೇಳಿದಳು. ಹುಡುಗಿ ನಾಲ್ಕನ್ನೂ ಓದಿ ಹೇಳಿದಳು. ಅವ್ವ ಸೆರಗು ಸರಿ ಮಾಡಿಕೊಂಡು, ಕಣ್ಣು ಮಿಟುಕಿಸದೆ ಹೇಳಿದಳು.

“ಡಿ. ಲಾಕ್ ಮಾಡು. ನನಗೊಂದ ಕಪ್ ಸಕ್ರಿ ಕಮ್ಮಿ.”

ಅಡುಗೆಮನೆಯಿಂದ ಹುಡುಗಿಯ ಅವ್ವ ಕಿಸಕ್ಕನೆ ನಕ್ಕಳು. ಮಾವ ಗೋಡೆಗೆ ಮುಖ ಹಾಕಿದ. ನಾನು ಬೇಲಿಫರನ್ನು ನೋಡಿದೆ. ಅಂಥ ಗಟ್ಟಿ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಣ್ಣು ಒರೆಸಿಕೊಂಡು ನಮ್ಮವ್ವನಿಗೆ ಕೈ ಮುಗಿದರು.

“ಕೋರ್ಟಿನ್ಯಾಗ ನನ್ನ ಕೂದಲ ಬೆಳ್ಳಗಾದುವು ತಂಗೀ. ಹಡದ ತಾಯಿ ಮಗನ ವಿರುದ್ಧ ಸಾಕ್ಷಿ ಹೇಳಿದ್ದ ಇವತ್ತ ಮೊದಲ ಸಲ ನೋಡಿದೆ. ಹುಡುಗ ಹೆಂಗರ ಇರಲಿ, ಇಂಥಾ ಅತ್ತಿ ಇದ್ದ ಮನಿಗೆ ನನ್ನ ಮಗಳನ್ನ ಕಣ್ಣ ಮುಚ್ಚಿ ಕೊಡ್ತೇನಿ.”