ಭರಮು ಬಿಟ್ಟ ಹುಚ್ಚುಗಳು

ಗುವಾಹಾಟಿಗೆ ತಂಬಾಕು ಇಳಿಸಿ ತಿಂಗಳ ಮೇಲೆ ನಿಪ್ಪಾಣಿಗೆ ಮರಳಿದ ಲಾರಿ ಡ್ರೈವರ್ ಭರಮು, ಮರುದಿನ ಬೆಳಿಗ್ಗೆ ತನ್ನ ಮನೆಯಲ್ಲಿ ಕಣ್ಣು ಬಿಟ್ಟಾಗ ಎದುರಿನ ಗೋಡೆಯ ಮೇಲೆ ಹೆಂಡತಿ ನಗುತ್ತಿದ್ದಳು. ಫೋಟೋದಲ್ಲಿ. ಅವನು ಊರು ಬಿಟ್ಟಾಗ ಆ ಮೊಳೆಗೆ ತಂಬಾಕಿನ ವಖಾರಿಯವರು ಕೊಟ್ಟ ಕ್ಯಾಲೆಂಡರ್ ನೇತಾಡುತ್ತಿತ್ತು.

ಸುಂದರಾ ನಗುವುದನ್ನು ಅವನು ನೋಡಿಯೇ ಇರಲಿಲ್ಲವೆಂದಲ್ಲ. ಆದರೆ ಆಕೆ ನಗುತ್ತಿದ್ದದ್ದು ಸೆರಗಿನ ಮರೆಯಲ್ಲಿ, ಯಾರೋ ಸಾಲ ಕೇಳಲು ಬಂದವರ ಹಾಗೆ ಸಂಕೋಚಪಟ್ಟು. ಫೋಟೋದಲ್ಲಿ ಮಾತ್ರ ಕುತ್ತಿಗೆ ತುಸು ಓರೆ ಮಾಡಿ, ಹಲ್ಲೆಲ್ಲ ಕಾಣುವಂತೆ ನಕ್ಕಿದ್ದಳು.

“ಯಾರ ತಗದಾರ ಇದನ್ನ?”

“ಬಾಜೂ ಮನಿ ನೇಮಣ್ಣ ತಗದಾನ್ರಿ.” ಸುಂದರಾ ಚಹಾದ ಕಪ್ಪು ಮುಂದಿಟ್ಟಳು. “ಓಣ್ಯಾಗ ಎಲ್ಲಾರದೂ ತಗದಾನ. ಗಿರಿಜವ್ವಗ ಬಾಯಾಗ ಒಂದೂ ಹಲ್ಲಿಲ್ಲ, ಆಕಿದೂ ತಗದಾನ.”

“ಕ್ಯಾಮೆರಾ ಯಾರದು?”

“ನಿಮ್ದರಿ. ದಿಲ್ಲಿಯಿಂದ ತಂದಿದ್ರಲ್ಲ, ಅದ.”

“ಅಷ್ಟ ನಗೂವಂಥಾದ್ದು ಏನಾಗಿತ್ತು?”

“ಗಿಳಿ ಮಾತಾಡ್ತರಿ, ನಗಿ ಬಂತು.”

“ಗಿಳಿ ಯಾರದು?”

“ಅದೂ ನಿಮ್ದ.”

ಭರಮು ಚಹಾದ ಕಪ್ಪನ್ನು ಹಾಗೇ ಕೆಳಗಿಟ್ಟ.

ದೂರದ ಲಾರಿ ಹೊಡೆಯುವವನಿಗೆ ಕೈಕಾಲಿಗೆ ಕೆಲಸವಿದ್ದರೂ ತಲೆಗೆ ಕೆಲಸವಿಲ್ಲ. ಬಿಹಾರದ ಬಯಲಿನಲ್ಲಿ ದಾರಿ ಹಗ್ಗದ ಹಾಗೆ ನೆಟ್ಟಗೆ ಬಿದ್ದಿರುವಾಗ ಭರಮುವಿನ ತಲೆಯೊಳಗೆ ಯಾವುದೋ ಒಂದು ಹುಚ್ಚು ಹತ್ತಿ ಕೂರುತ್ತಿತ್ತು. ಒಮ್ಮೆ ಕಲ್ಕತ್ತೆಯಲ್ಲಿ ಮೌತ್ ಆರ್ಗನ್ ಕೊಂಡ, ಓಣಿಯವರು ಅದನ್ನು ಬಾಜಾ ಎಂದರು. ಇನ್ನೊಮ್ಮೆ ದಿಲ್ಲಿಯಲ್ಲಿ ಕ್ಯಾಮೆರಾ. ಮತ್ತೊಮ್ಮೆ ಜಬಲಪುರದ ಢಾಬಾದಲ್ಲಿ ಪಂಜರಸಮೇತ ಗಿಳಿ. ಊರಿಗೆ ಬಂದು ಒಂದೆರಡು ದಿನ ಅದರ ಬೆನ್ನು ಹತ್ತುವನು, ಮುಂದಿನ ಲೋಡು ಬರುವಷ್ಟರಲ್ಲಿ ಹುಚ್ಚು ಇಳಿದಿರುತ್ತಿತ್ತು. ಆಗ ಪಕ್ಕದ ಮನೆಯ ನೇಮಿನಾಥ ಬಂದು, “ಭರಮಣ್ಣಾ, ನೀ ಬರೂತನಕಾ ನಾ ಇಟಗೊಳ್ಳಲಿ?” ಎಂದು ಕೇಳುವನು. ಭರಮು ದೊಡ್ಡ ಮನಸ್ಸಿನಿಂದ ಕೊಟ್ಟುಬಿಡುವನು.

ನೇಮಿನಾಥನೂ ಡ್ರೈವರನೇ. ಇಬ್ಬರಿಗೂ ಆಬಾಸಾಹೇಬರೇ ಮಾಲಕರು. ಆದರೆ ನೇಮಿನಾಥ ಹೊಡೆಯುತ್ತಿದ್ದದ್ದು ಹೊಲದಿಂದ ಸಕ್ಕರೆ ಕಾರಖಾನೆಗೆ ಹೋಗುವ ಕಬ್ಬಿನ ಲಾರಿ. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುತ್ತಿದ್ದ. “ಮೂರನೇ ಗಿಯರ್ ಹಾಕೂದ್ರಾಗ ಅವನ ದಾರಿ ಮುಗೀತೈತಿ, ಅದೂ ಒಂದ ಡ್ರೈವಿಂಗ್ ಏನ?” ಎಂದು ಭರಮು ಹೋಟೆಲಿನಲ್ಲಿ ಕುಳಿತು ನಗುತ್ತಿದ್ದ. ಅವನು ಲೆಕ್ಕ ಹಿಡಿಯದೆ ಹೋದದ್ದು ಆ ಸಂಜೆಗಳನ್ನು. ಭರಮು ಬಿಟ್ಟ ಹುಚ್ಚುಗಳೆಲ್ಲ ನೇಮಿನಾಥನ ಸಂಜೆಗಳಲ್ಲಿ ಹಾಲುಂಡು ಬೆಳೆದವು. ಅವನು ಬಾಜಾ ಊದಿದರೆ ಓಣಿಯ ಕೂಸು ಅಳು ನಿಲ್ಲಿಸುತ್ತಿತ್ತು. ಹುಡುಗಿಯ ಫೋಟೋ ತೆಗೆದರೆ ವರ ಒಪ್ಪುತ್ತಿದ್ದ. ಜಬಲಪುರದ ಹಿಂದಿ ಗಿಳಿ ಕನ್ನಡ, ಮರಾಠಿ ಎರಡನ್ನೂ ಮಾತಾಡುತ್ತಿತ್ತು.

ಅದೆಲ್ಲ ಸಹಿಸಬಹುದಿತ್ತು. ಆದರೆ ತನ್ನ ಕ್ಯಾಮೆರಾದ ಎದುರು, ತನ್ನ ಗಿಳಿಯ ಮಾತಿಗೆ, ತನ್ನ ಹೆಂಡತಿ ಇನ್ನೊಬ್ಬನ ಮುಂದೆ ನಕ್ಕಿದ್ದಳು. ಭರಮು ಆಕೆಯ ಫೋಟೋ ತೆಗೆದಿದ್ದಾಗ ಅದರಲ್ಲಿ ಬಂದದ್ದು ಕೊರಳಿನಿಂದ ಕೆಳಗೆ ಮಾತ್ರ. ಮುಖವನ್ನೂ ತೊಳೆಯದೆ ಪಕ್ಕದ ಮನೆಗೆ ನಡೆದ.

ನೇಮಿನಾಥ ಅಂಗಳದಲ್ಲಿ ಗಿಳಿಗೆ ಪೇರಲ ಹಣ್ಣು ತಿನ್ನಿಸುತ್ತಿದ್ದ.

“ಬಾ ಭರಮಣ್ಣಾ. ಯಾವಾಗ ಬಂದಿ?”

“ನನ್ನ ಸಾಮಾನ ನನಗ ಕೊಡು.”

“ಯಾವುದು?”

“ಎಲ್ಲಾನೂ. ಬಾಜಾ, ಕ್ಯಾಮೆರಾ, ಗಿಳಿ.”

ನೇಮಿನಾಥ ಜಗಳವಾಡಿದ್ದರೆ ಭರಮುವಿಗೆ ತುಸು ಸಮಾಧಾನವಾಗುತ್ತಿತ್ತು. ಅವನು ಒಳಗೆ ಹೋಗಿ, ಮಡಿಬಟ್ಟೆಯಲ್ಲಿ ಸುತ್ತಿಟ್ಟ ಬಾಜಾ ತಂದ. ಕ್ಯಾಮೆರಾ ತಂದ. ಪಂಜರವನ್ನು ತಾನೇ ಎತ್ತಿ ಕೈಗೆ ಕೊಟ್ಟ. “ಇಷ್ಟ ದಿನಾ ಇಟಗೊಳ್ಳಾಕ ಕೊಟ್ಟಿದ್ಯಲ್ಲ, ಅದ ಭಾಳಾತು,” ಎಂದ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಕುಸುಮ, “ಇನ್ನ ಸಂಜಿಮುಂದ ಮಾಡೋದೇನ?” ಎಂದು ಕೇಳಿದಳು. ನೇಮಿನಾಥ ಖಾಲಿಯಾದ ಅಂಗಳವನ್ನು ಒಮ್ಮೆ ನೋಡಿ, ಅಂಗಿ ಹಾಕಿಕೊಂಡು ಹೊರಗೆ ಹೋದ.

ಭರಮು ಗೆದ್ದವನ ಹಾಗೆ ಪಂಜರವನ್ನು ತನ್ನ ಪಡಸಾಲೆಯಲ್ಲಿ ನೇತುಹಾಕಿದ. ಗಿಳಿ ಅವನನ್ನು ಒಂದು ಕಣ್ಣಿನಿಂದ ನೋಡಿತು. ತಿರುಗಿ ಇನ್ನೊಂದು ಕಣ್ಣಿನಿಂದಲೂ ನೋಡಿತು.

“ನೇಮಣ್ಣಾ, ಚಾ ಕುಡದೇನ?” ಎಂದಿತು.

ಒಳಗಿನಿಂದ ಸುಂದರಾ ಕಿಸಕ್ಕನೆ ನಕ್ಕಳು. ಅದೇ ನಗು. ಭರಮು ಪಂಜರದ ಮೇಲೆ ಟವೆಲ್ ಹೊದಿಸಿದ. ಟವೆಲ್ಲಿನ ಒಳಗಿನಿಂದ ಗಿಳಿ ಮರಾಠಿಯಲ್ಲಿ ನೇಮಣ್ಣನನ್ನು ಊಟಕ್ಕೆ ಕರೆಯಿತು.

ಅಷ್ಟರಲ್ಲಿ ಓಣಿಯ ಹಿರಿಯಳಾದ ಗಿರಿಜವ್ವ ಬಂದಳು.

“ತಮ್ಮಾ, ಕ್ಯಾಮೆರಾ ನಿನ್ನ ಕಡೆ ಬಂದೈತಂತ. ಅದರಾಗ ನಮ್ಮ ಮೊಮ್ಮಗಳ ನಿಶ್ಚಯದ ಫೋಟೋ ಅದಾವ. ಇವತ್ತ ರೀಲು ಕೊಲ್ಲಾಪುರಕ್ಕ ತೊಳಿಯಾಕ ಕಳಸ್ತೇನಿ ಅಂದಿದ್ದ ನೇಮು. ಅದನ್ನಷ್ಟ ತಗದ ಕೊಡು.”

“ಅದಕ್ಕೇನ ಬೇ ಆಯಿ, ಇಕಾ ಈಗ ಕೊಡ್ತೀನಿ.”

ರೀಲನ್ನು ಮೊದಲು ಹಿಂದಕ್ಕೆ ಸುತ್ತಬೇಕೆಂಬುದು ಭರಮುವಿಗೆ ಗೊತ್ತಿತ್ತೋ, ಮರೆತಿತ್ತೋ. ಗಿರಿಜವ್ವನ ಎದುರು ನೇಮಿನಾಥನಿಗಿಂತ ಕಡಿಮೆ ಕಾಣಬಾರದು ಎಂಬುದೊಂದೇ ತಲೆಯಲ್ಲಿತ್ತು. ಅಂಗಳದ ಬಿಸಿಲಿಗೆ ನಿಂತು ಕ್ಯಾಮೆರಾದ ಬೆನ್ನು ಟಕ್ಕನೆ ತೆರೆದ. ಸುರುಳಿ ಹಾವಿನ ಪೊರೆಯಂತೆ ಹೊರಗೆ ಬಂತು. ಗಿರಿಜವ್ವ ಅದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದಳು.

“ಇದರಾಗ ಯಾರೂ ಕಾಣವಲ್ರಲ್ಲೋ.”

“ತೊಳದ ಮ್ಯಾಲ ಕಾಣ್ತಾರ.”

ಆ ಹೊತ್ತಿಗೆ ಸರಿಯಾಗಿ ಓಣಿಯ ಹೊಲಿಗೆ ಅಂಗಡಿಯ ರಾಜಾರಾಮ ಅಲ್ಲಿ ಹಾದುಹೋಗಬೇಕೆ. “ರೀಲಿಗೆ ಬಿಸಲ ತೋರಸಿದ್ರಿ? ಮುಗೀತ ಬಿಡ್ರಿ, ಒಂದ ಫೋಟೋನೂ ಉಳ್ಯಾಂಗಿಲ್ಲ,” ಎಂದು ಒಂದೇ ಮಾತು ಹೇಳಿ ಮುಂದೆ ಹೋದ. ಗಿರಿಜವ್ವ ನೆಲಕ್ಕೆ ಕುಳಿತುಬಿಟ್ಟಳು. ವರನ ಅಜ್ಜ ಆ ಫೋಟೋದಲ್ಲಿದ್ದನಂತೆ. ಹೋದ ವಾರ ತೀರಿಕೊಂಡನಂತೆ. ಅವನದೆಂದು ಬೇರೆ ಫೋಟೋ ಇಲ್ಲವಂತೆ. ನಾಳೆ ಬೀಗರಿಗೆ ಏನು ಹೇಳುವುದು ಎಂದು ಆಕೆ ಕೇಳುವಷ್ಟರಲ್ಲಿ ಅರ್ಧ ಓಣಿ ಅಂಗಳದಲ್ಲಿತ್ತು. ನೇಮಣ್ಣ ಇದ್ದಿದ್ದರೆ ಹೀಗಾಗುತ್ತಿತ್ತೇ ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಟವೆಲ್ಲಿನ ಒಳಗಿನ ಗಿಳಿಯೂ ನೇಮಣ್ಣನ ಹೆಸರು ಹೇಳಿತು.

ಆ ಗುಂಪಿನಿಂದ ಭರಮುವನ್ನು ಬಿಡಿಸಿಕೊಂಡು ಹೋದವರು ಶಾಲೆಯ ಧರಣೇಂದ್ರ ಮಾಸ್ತರರು. ಬಿಡಿಸಿದ್ದು ಬೇರೊಂದು ಕಡೆ ಸಿಕ್ಕಿಸಲು.

“ಭರಮು, ಇವತ್ತ ಸಾಲಿಗೆ ಜಿಲ್ಲಾ ಶಿಕ್ಷಣ ಸಾಹೇಬರು ಬರಾಕತ್ತಾರ. ಸ್ವಾಗತಗೀತಕ್ಕ ನೇಮು ಬಾಜಾ ಬಾರಸಬೇಕಿತ್ತು. ದಾರ್ಯಾಗ ಸಿಕ್ಕಿದ್ದ, ಬಾಜಾ ನಿನ್ನ ಕಡೆ ಐತಿ ಅಂದ. ನಿನಗ ಬರ್ತೈತೇನು?”

ಬರುವುದಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸುಂದರಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

“ಅವಗ ಕಲಿಸಿದಾಂವ ಯಾರ್ರಿ?” ಎಂದ ಭರಮು.

ಶಾಲೆಯ ಅಂಗಳದಲ್ಲಿ ಜಿಲ್ಲಾ ಸಾಹೇಬರು ಕೊರಳಲ್ಲಿ ಹಾರ ಹಾಕಿಕೊಂಡು ಕುಳಿತಿದ್ದರು. ಹುಡುಗಿಯರು ಹಾಡು ಎತ್ತಿದರು. ಭರಮು ಬಾಜಾವನ್ನು ಬಾಯಿಗಿಟ್ಟು, ಘಾಟಿ ಏರುವ ಎಂಜಿನ್ನಿನಷ್ಟು ಜೋರಾಗಿ ಊದಿದ. ಮೊದಲ ಸಾಲಿಗೆ ಹುಡುಗಿಯರು ಅವನ ಹಿಂದೆ ಬಂದರು. ಎರಡನೆಯ ಸಾಲಿಗೆ ಹಾಡು ಒಂದು ಕಡೆ ಹೊರಳಿತು, ಬಾಜಾ ಇನ್ನೊಂದು ಕಡೆ. ಮೂರನೆಯದಕ್ಕೆ ಅವನ ಉಸಿರು ಮುಗಿದು, ಉದ್ದನೆಯ ಒಂದು ಬುಸ್ ಎಂಬ ಸದ್ದು ಮಾತ್ರ ಉಳಿಯಿತು. ಸಾಹೇಬರು ಹೊರಗೆ ನಿಂತ ತಮ್ಮ ಜೀಪಿನ ಗಾಲಿಯಿಂದ ಗಾಳಿ ಹೋಗುತ್ತಿದೆಯೆಂದು ತಿಳಿದು, ನೋಡಿ ಬರಲು ಸಿಪಾಯಿಯನ್ನು ಕಳಿಸಿದರು. ಮಾಸ್ತರರು ಬಂದು ಭರಮುವಿನ ಭುಜದ ಮೇಲೆ ಕೈಯಿಟ್ಟರು. “ಸಾಕ ಮಾಡು. ಮುಂದಿನ ವಾರ ಸಾಲಿ ವಾರ್ಷಿಕ ಗ್ಯಾದರಿಂಗ್ ಐತಿ, ಅಷ್ಟರಾಗ ಸ್ವಲ್ಪ ತಯಾರಿ ಮಾಡಕೋ. ಬಾಜಾ ಇನ್ನ ನಿನ್ನ ಕಡೇನ ಇರ್ತೈತಲ್ಲ.”

ಭರಮು ಶಾಲೆಯ ಹಿಂಬಾಗಿಲಿನಿಂದ ಹೊರಬಿದ್ದ. ಮನೆಗೆ ಹೋದರೆ ಗಿರಿಜವ್ವ ಅಂಗಳದಲ್ಲಿ ಕುಳಿತಿರುತ್ತಾಳೆ. ಪಡಸಾಲೆಯಲ್ಲಿ ಗಿಳಿ, ಗೋಡೆಯ ಮೇಲೆ ಆ ನಗು. ಅವನಿಗೆ ಇದ್ದಕ್ಕಿದ್ದಂತೆ ತನ್ನ ಲಾರಿಯ ಕ್ಯಾಬಿನ್ ನೆನಪಾಯಿತು. ಅಲ್ಲಿ ಕುಳಿತರೆ ನೇಮಣ್ಣ ಎಂಬ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಹೆದ್ದಾರಿಯ ಬದಿಯ ಆಬಾಸಾಹೇಬರ ಟ್ರಾನ್ಸ್‌ಪೋರ್ಟಿಗೆ ಹೆಚ್ಚುಕಡಿಮೆ ಓಡಿಕೊಂಡೇ ಬಂದ.

ಆಬಾಸಾಹೇಬರು ಹಗ್ಗದ ಮಂಚದ ಮೇಲೆ ಕುಳಿತು ಎಲೆ ಹಾಕುತ್ತಿದ್ದರು.

“ಮಾಲಕ್ರ, ಇವತ್ತ ಲೋಡ್ ಕೊಡ್ರಿ. ಎಲ್ಲಿಗಿದ್ರೂ ಆತು.”

“ವಿಶ್ರಾಂತಿ ಬ್ಯಾಡೇನೋ?”

“ಬ್ಯಾಡ್ರಿ. ಮನ್ಯಾಗ ವಿಶ್ರಾಂತಿ ಇಲ್ಲ.”

“ಇದನ್ನ ಮುಂಜಾನೆ ಹೇಳಬೇಕಿಲ್ಲ? ನಿನ್ನ ಗಾಡಿ ಹೋತಲ್ಲ, ಗುವಾಹಾಟಿಗೆ.”

ಭರಮು ಅಂಗಳದ ಸುತ್ತ ನೋಡಿದ. ಲಾರಿ ನಿಂತ ಜಾಗದಲ್ಲಿ ಎಣ್ಣೆ ತೊಟ್ಟಿಕ್ಕಿದ ಕಲೆಯಷ್ಟೇ ಇತ್ತು.

“ಯಾರ ಒಯ್ದಾರ್ರಿ?”

“ನೇಮು.” ಆಬಾಸಾಹೇಬರು ಸುಣ್ಣ ಹಚ್ಚುತ್ತ ಹೇಳಿದರು. “ನಾ ಎಷ್ಟ ವರ್ಷದಿಂದ ಅವನ್ನ ದೂರದ ಲೈನಿಗೆ ಹೋಗು ಅಂತ ಕೇಳಾಕತ್ತೇನಿ. ಸಂಜಿಮುಂದ ಬಾಜಾ ಐತ್ರಿ, ಗಿಳಿ ಐತ್ರಿ, ಮಂದಿ ಫೋಟೋಕ ಬರ್ತಾರ್ರಿ ಅಂತ ಜಾರಕೋತಿದ್ದ. ಇವತ್ತ ತಾನ ಬಂದು, ಮನ್ಯಾಗ ಇನ್ನ ಏನೂ ಉಳದಿಲ್ರಿ, ದೂರದ ಗಾಡಿ ಕೊಡ್ರಿ ಅಂದ. ಮಾಲು ತಯಾರಿತ್ತು. ನಿನ್ನ ಕೇಳಾಕ ಮಂದಿ ಕಳಸಿದ್ದೆ, ನೀ ಸಾಲ್ಯಾಗ ಬಾಜಾ ಬಾರಸಾಕ ಹೋಗೀದಿ ಅಂದ್ರು.”

“ಹಂಗಾರ ನಾ?”

“ನೀ ಅವನ ಕಬ್ಬಿನ ಗಾಡಿ ಹೊಡಿ. ಛಲೋ ಆತಲ್ಲ, ದಿನಾ ಸಂಜಿಗೆ ಮನ್ಯಾಗ ಇರ್ತಿ. ಊರ ಮಂದಿಗೂ ನಿನ್ನ ಕಡೆ ಭಾಳ ಕೆಲಸ ಇರ್ತಾವಂತ ಈಗ.”

ಭರಮು ಹೆದ್ದಾರಿಯ ಕಡೆ ನೋಡಿದ. ಉತ್ತರಕ್ಕೆ, ಕೊಗನೊಳ್ಳಿಯ ದಾರಿಯಲ್ಲಿ ಬೇರೆಯವರ ಲಾರಿಗಳು ಹೋಗುತ್ತಿದ್ದವು. ಇಷ್ಟು ವರ್ಷ ಅವನು ಬೈಯುತ್ತ ಹೊಡೆದ ಗಾಡಿ ಈಗ ಅವನ ಕಣ್ಣಿಗೆ ಮದುವಣಗಿತ್ತಿಯ ಹಾಗೆ ಕಂಡಿತು. ಅದರಲ್ಲಿ ಕುಳಿತವನು ನೇಮಿನಾಥ. ಬಿಹಾರದ ಬಯಲಿನಲ್ಲಿ ಅವನ ತಲೆಗೆ ಯಾವ ಹುಚ್ಚು ಹತ್ತುವುದೋ, ಅದರಲ್ಲಿಯೂ ಅವನು ಎಷ್ಟು ಎತ್ತರಕ್ಕೆ ಹೋಗುವನೋ.

“ಅವಗ ಘಾಟಿ ಹೊಡದ ರೂಢಿಲ್ರಿ,” ಎಂದ ಕೊನೆಗೆ.

“ಇರಲಿಕ್ಕಿಲ್ಲ.” ಆಬಾಸಾಹೇಬರು ಎಲೆಯನ್ನು ಬಾಯಿಗಿಟ್ಟು ಗೇಟಿನ ಕಡೆ ಕೈ ತೋರಿಸಿದರು. “ಆದ್ರ ಒಂದ ಮಾತ ಹೇಳ್ತೇನಿ, ಸಿಟ್ಟ ಆಗಬ್ಯಾಡ. ಆ ಗಾಡಿ ಈ ಗೇಟಿಗೆ ಮೈ ತಿಕ್ಕದ ಹೊರಗ ಹೋಗಿದ್ದು ಇವತ್ತ ಮೊದಲ.”

ಭರಮು ಗೇಟಿನ ಬಳಿ ಹೋಗಿ ಕಲ್ಲಿನ ಕಂಬವನ್ನು ನೋಡಿದ. ಅದರ ಮೈತುಂಬ ಲಾರಿಯ ಹಸಿರು ಬಣ್ಣದ ಗೀರುಗಳಿದ್ದವು. ಎಲ್ಲವೂ ಹಳೆಯವು, ಎಲ್ಲವೂ ಅವನವೇ. ಹೊಸದು ಒಂದಾದರೂ ಇರಬಹುದೆಂದು ಅವನು ಕಂಬದ ಸುತ್ತ ಇನ್ನೊಂದು ಸಲ ಬಂದು, ಬಗ್ಗಿ ಹುಡುಕಿದ.