ದೊಡ್ಡಳಿಯನ ಫೋಟೊ

ನಮ್ಮ ಸಾಬೂನು ಕಾರ್ಖಾನೆಯಂಥದ್ದು ಮೂರು ಲೋಕದಲ್ಲೂ ಇಲ್ಲ. ಅದರ ಹೊಗೆಗೊಳವೆಯನ್ನು ಮೋಡಗಳೇ ಬಳಸಿಕೊಂಡು ಹೋಗಬೇಕು. ಇದರಲ್ಲಿ ಅರ್ಧ ಸುಳ್ಳು, ಇನ್ನರ್ಧವನ್ನಾದರೂ ನಂಬಿ. ಅಲ್ಲಿ ಫಿಟ್ಟರ್ ಆಗಿದ್ದ ದೊಡ್ಡಳಿಯನ ಹೊಟ್ಟೆಕಿಚ್ಚು ಮಾತ್ರ ಪೂರಾ ನಿಜ. ಆ ಉರಿಯಲ್ಲಿ ಒಂದು ಬಾಯ್ಲರ್ ನಡೆಸಬಹುದಿತ್ತು.

ಕಿಚ್ಚಿಗೆ ಕಾರಣ ಗೇಟಿನ ಪಕ್ಕದ ಬೋರ್ಡು. ಮಿಷನ್ನಿನಲ್ಲಿ ದೋಷ ಕಂಡವರು ತಮ್ಮ ಹೆಸರು ಬರೆದ ಕೆಂಪು ಚೀಟಿ ಕಟ್ಟಬೇಕು, ತಂಡದವರೆಲ್ಲ ಸೇರಿ ಬಿಚ್ಚಿ ಸರಿಮಾಡಬೇಕು. ವಾರದ ದೊಡ್ಡ ದೋಷಕ್ಕೆ ಬೋರ್ಡಿನಲ್ಲಿ ಎರಡು ಫೋಟೊ: ಎಡಕ್ಕೆ ಕಂಡುಹಿಡಿದವರದು, ಬಲಕ್ಕೆ ದೋಷದ್ದು. ಎಡಗಡೆ ಎರಡು ವಾರದಿಂದ ಚಿಕ್ಕಳಿಯನೇ, ಅಂದರೆ ಇವನ ಹೆಂಡತಿಯ ತಂಗಿಯ ಗಂಡನೇ, ಹಲ್ಲು ಕಿರಿದುಕೊಂಡು ಕೂತಿದ್ದ.

ಅವತ್ತು ಬೆಳಿಗ್ಗೆ ಹೆಂಡತಿ ಡಬ್ಬಿ ಕಟ್ಟುತ್ತ, "ರೀ, ಅಮ್ಮ ಶನಿವಾರ ಬೋರ್ಡು ನೋಡೋಕೆ ಬರ್ತಾರಂತೆ. ದೊಡ್ಡಳಿಯನ ಮುಖ ಎಲ್ಲಿ ಹುಡುಕ್ಲಿ ಅಂತ ಕೇಳಿದ್ರು," ಎಂದಳು.

ದೊಡ್ಡಳಿಯ ಮಂಡಿನೋವಿಗೆಂದು ಇಟ್ಟುಕೊಂಡಿದ್ದ ಕಬ್ಬಿಣದ ಸ್ಟೂಲು ಹೊತ್ತು ಮಿಷನ್ನುಗಳ ಸಾಲಿಗೆ ನುಗ್ಗಿದ. ಸಾಬೂನು ಕತ್ತರಿಸುವ ಮಿಷನ್ನಿನ ಮುಂದೆ ಕೂತು ಕಿವಿಗೊಟ್ಟು ಬಾಗಿದ. ಕುಂಯ್. ಚೀಟಿ ಕಟ್ಟಿದ. ಅಚ್ಚೊತ್ತುವುದರಲ್ಲೂ ಕುಂಯ್. ಕಾಗದ ಸುತ್ತುವುದರಲ್ಲೂ ಕುಂಯ್. ಮಧ್ಯಾಹ್ನದೊಳಗೆ ಹನ್ನೊಂದು ಚೀಟಿ ಏರಿ ಮಿಷನ್ನುಗಳಿಗೆಲ್ಲ ದಡಾರ ಎದ್ದಂತಾಯಿತು.

ತಂಡ ಓಡಿಬಂತು. ಇವನು ಎದ್ದು ಜಾಗ ಬಿಟ್ಟ. ಎಲೆಕ್ಟ್ರಿಷಿಯನ್ ಕಿವಿಯಿಟ್ಟರೆ ಏನೂ ಇಲ್ಲ. ಬಿಚ್ಚಿ ನೋಡಿದರೆ ಬೇರಿಂಗು ಹೊಸ ಬಟ್ಟಲಿನಂತೆ ಥಳಥಳ. ನಿಮಗೆಲ್ಲ ಕಿವಿ ಮಂದ ಎಂದು ದೊಡ್ಡಳಿಯ ಬೈದ. ಮೂರನೆಯದೂ ಹಾಗೇ ಆದಾಗ ಅವನಿಗೆ ಹೊಳೆಯಿತು: ಚಿಕ್ಕಳಿಯ ಕದ್ದು ಎಣ್ಣೆ ಬಿಟ್ಟು ತನ್ನ ಕುಂಯ್‌ಗಳನ್ನೆಲ್ಲ ಕೊಲ್ಲುತ್ತಿದ್ದಾನೆ. ಅವನ ಕೈಯಿಂದ ಎಣ್ಣೆಡಬ್ಬಿ ಕಿತ್ತುಕೊಂಡು ಕೂಸಿನ ಹಾಗೆ ಎದೆಗವಚಿಕೊಂಡ.

ಸಂಜೆಗೆ ಆರು ಮಿಷನ್ನು ಕಳಚಿ ಬಿದ್ದಿದ್ದವು. ಸಾಬೂನು ನಿಂತೇಹೋಗಿ ಮ್ಯಾನೇಜರೇ ಇಳಿದು ಬಂದರು. ಬಿಚ್ಚಿ ಬಿಚ್ಚಿ ಸುಸ್ತಾದ ಚಿಕ್ಕಳಿಯ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತು, ಬೆವರೊರೆಸಲು ಮುಂದಕ್ಕೆ ಬಾಗಿದ.

ಕುಂಯ್.

ಎಲ್ಲರ ಕಿವಿ ನೆಟ್ಟಗಾಯಿತು. ಅವನು ಹಿಂದಕ್ಕೆ ವಾಲಿದ. ಕುಂಯ್.

"ಅಣ್ಣಾ, ತಪ್ಪು ತಿಳ್ಕೋಬೇಡಿ," ಎನ್ನುತ್ತ ಚಿಕ್ಕಳಿಯ ಸ್ಟೂಲಿನ ಕಾಲಿಗೆ ಕೆಂಪು ಚೀಟಿ ಕಟ್ಟಿದ. "ಎಣ್ಣೆ ನಿಮ್ಮ ಹತ್ರಾನೇ ಇದೆಯಲ್ಲ, ಒಂದು ತೊಟ್ಟು ಬಿಡಿ."

ಆರು ಮಿಷನ್ನು ನಿಲ್ಲಿಸಿದ ದೋಷಕ್ಕಿಂತ ದೊಡ್ಡದು ಆ ವಾರ ಇನ್ನೇನಿದ್ದೀತು? ಎಡಗಡೆ ಮತ್ತೆ ಚಿಕ್ಕಳಿಯನೇ ಬಂದ. ಬಲಗಡೆ ಬರೀ ಸ್ಟೂಲು ಹಾಕಿದರೆ ಯಾರಿಗೂ ಅರ್ಥವಾಗದು, ಬೆಳಿಗ್ಗೆಯಿಂದ ಅದರ ಮೇಲೆ ಕೂತು ಚೀಟಿ ಕಟ್ಟಿದವರೂ ಇರಲಿ ಎಂದರು ಮ್ಯಾನೇಜರು.

ಶನಿವಾರ ಅತ್ತೆ ಕನ್ನಡಕ ಏರಿಸಿಕೊಂಡು ಬೋರ್ಡಿನ ಮುಂದೆ ನಿಂತರು. ಎಡಕ್ಕೆ ನೋಡಿದರು. ಬಲಕ್ಕೆ ಅದರ ಎರಡರಷ್ಟು ಹೊತ್ತು ನೋಡಿದರು. ಆಮೇಲೆ ದೊಡ್ಡಳಿಯನ ಕಡೆ ತಿರುಗಿ ಏನಂದಿರಬಹುದು? ನೀವೇ ಹೇಳಿ ನೋಡೋಣ.